ಕೀಲಿ ಹಾಕುವ ಮುನ್ನ

ಗದಗಿನ ಮಗ್ಗುಲಿಗಿರುವ ನಮ್ಮೂರು ಮಲ್ಲಸಮುದ್ರ. ಹೆಸರಿನಲ್ಲಿ ಸಮುದ್ರವಿದ್ದರೂ ನಮ್ಮ ಕಡೆ ನೀರೆಂದರೆ ಬಂಗಾರ. ನಳ ಬಂದ ದಿನ ಮನೆಯ ಕೊಡ, ಹಂಡೆ, ಬಕೆಟ್ಟು ಎಲ್ಲವೂ ತುಂಬಬೇಕು. ನಾಲ್ಕು ದಿನ ಪರಊರಿಗೆ ಹೊರಟರೂ ನಮ್ಮವ್ವ ಒಂದು ಕೊಡ ತುಂಬಿಸಿಟ್ಟೇ ಕೀಲಿ ಹಾಕುತ್ತಿದ್ದಳು. "ಬರಿಗೊಡ ಇಟ್ಟು ಮನಿ ಬಿಡಬಾರದಪ್ಪ" ಎನ್ನುತ್ತಿದ್ದಳು. ಆಮೇಲೆ ಒಲೆಯ ಕೆಂಡ ಆರಿಸಿ, ಚಿಮಣಿ ಊದುತ್ತಿದ್ದಳು.

ನೀರು ತುಂಬಬೇಕು, ಬೆಂಕಿ ಆರಿಸಬೇಕು. ಮನೆ ಬಿಡುವ ವಿಷಯದಲ್ಲಿ ನಾನು ಕಲಿತ ಪಾಠ ಇಷ್ಟೇ. ಮುಂದೆ ಶಾಲಾ ಮಾಸ್ತರನಾಗಿ ಮೂವತ್ತು ವರ್ಷ ಮಕ್ಕಳಿಗೂ ಅದನ್ನೇ ಹೇಳಿದೆ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯಬಾರದು ಎಂದೆ. ಅದೇ ಪಾಠ ಒಂದು ಸಲ ನನ್ನನ್ನು ಮೊಮ್ಮಗಳ ಮುಂದೆ ತಲೆ ತಗ್ಗಿಸುವಂತೆ ಮಾಡಿತು.

ನನ್ನ ಮಗ ಇರುವುದು ಅಮೆರಿಕದ ಮಿನ್ನಿಯಾಪೊಲಿಸ್ ನಗರದಲ್ಲಿ. ಅದು ಮಿನ್ನೆಸೋಟ ರಾಜ್ಯ. ಅದಕ್ಕೆ 'ಹತ್ತು ಸಾವಿರ ಕೆರೆಗಳ ನಾಡು' ಎಂಬ ಅಡ್ಡಹೆಸರಿದೆ. ಅಲ್ಲಿಂದ ಉತ್ತರಕ್ಕೆ, ಡುಲೂತ್ ಊರಿನ ಕಡೆ, ಒಂದು ಕೆರೆಯ ದಂಡೆಗೆ ಮಗ ಮತ್ತು ಅವನ ಗೆಳೆಯ ಸೇರಿ ಕೊಂಡ ಸಣ್ಣದೊಂದು ಕಟ್ಟಿಗೆಯ ಮನೆಯಿದೆ. ಕ್ಯಾಬಿನ್ ಎನ್ನುತ್ತಾರೆ. ರಜೆಗಷ್ಟೇ ಹೋಗುವ ಮನೆ, ಉಳಿದ ದಿನ ಖಾಲಿ.

ನಾನು ಹೋದ ವರ್ಷ ಡಿಸೆಂಬರಿನ ರಜೆಗೆ ಎಲ್ಲರೂ ಅಲ್ಲಿ ಮೂರು ದಿನ ಇದ್ದೆವು. ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅದರ ಮೇಲೆ ಜನ ಓಡಾಡುತ್ತಿದ್ದರು. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಅಪರೂಪವಲ್ಲ. ಮನೆಯೊಳಗೆ ಮಾತ್ರ ಹೀಟರಿನ ಹಿತವಾದ ಬಿಸಿ. ಗೋಡೆಯ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ. ಅದರಲ್ಲಿ ಎಷ್ಟು ಡಿಗ್ರಿ ಬೇಕೆಂದು ಇಟ್ಟರೆ ಹೀಟರ್ ತಾನೇ ಹೊತ್ತುತ್ತದೆ, ತಾನೇ ಆರುತ್ತದೆ.

ಹೊರಡುವ ದಿನ ಮಗ ಅದನ್ನು 68ರಿಂದ 55ಕ್ಕೆ ಇಳಿಸಿದ. ಅವರದು ಫ್ಯಾರನ್‌ಹೀಟ್ ಲೆಕ್ಕ. ನಮ್ಮ ಸೆಲ್ಸಿಯಸ್‌ನಲ್ಲಿ 20ರಿಂದ ಸುಮಾರು 13. ಅವನು ಸಾಮಾನು ಹೊತ್ತು ಕಾರಿನ ಕಡೆ ನಡೆದ. ಹಿಂದೆ ಉಳಿದಿದ್ದವನು ನಾನು. ಯಾರೂ ಇಲ್ಲದ ಮನೆಗೆ ಹೀಟರ್ ಯಾಕೆ? ಮಗನಿಗೆ ನಾಲ್ಕು ದುಡ್ಡು ಉಳಿಯಲಿ ಎಂದು ಗುಂಡಿ ಒತ್ತಿ ಪೂರ್ತಿ ಬಂದ್ ಮಾಡಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಅನಿಸಲೂ ಇಲ್ಲ.

ಮೂರು ವಾರದ ಮೇಲೆ ಮತ್ತೆ ಹೋದೆವು. ಬಾಗಿಲು ತೆರೆದರೆ ಹೊರಗಿನಷ್ಟೇ ಚಳಿ ಒಳಗೂ ಇತ್ತು. ಮಗ ಗೋಡೆಯ ಪೆಟ್ಟಿಗೆ ನೋಡಿದವನೇ ಓಡಿಹೋಗಿ ನೀರಿನ ಮುಖ್ಯ ವಾಲ್ವ್ ತಿರುವಿದ, ಬಂದು ಹೀಟರ್ ಹಚ್ಚಿದ. ಒಂದೆರಡು ತಾಸು ಏನೂ ಆಗಲಿಲ್ಲ. ಆಮೇಲೆ ಅಡುಗೆಮನೆಯ ಗೋಡೆಯೊಳಗಿಂದ ಹನಿ ಬೀಳುವ ಸದ್ದು. ಪೈಪಿನೊಳಗಿನ ಮಂಜುಗಡ್ಡೆ ಕರಗುತ್ತಿತ್ತು. ತಾಮ್ರದ ಪೈಪು ಎರಡು ಕಡೆ ಉದ್ದಕ್ಕೆ ಸೀಳಿತ್ತು.

ಮಗ ಮೊಮ್ಮಗಳನ್ನು ಕರೆದ. "ಹೊರಡೂ ಮುಂದ ಈ ಗುಂಡಿ ಜೋಡಿ ಆಟ ಆಡಿದ್ಯೇನು?"

"ಇಲ್ಲ ಅಪ್ಪಾ."

"ಖರೆ ಹೇಳು."

ಹತ್ತು ವರ್ಷದ ಹುಡುಗಿಯ ಕಣ್ಣು ತುಂಬಿದವು. ಒಂದು ಕ್ಷಣ ನಾನು ಸುಮ್ಮನಿದ್ದೆ. ಆ ಒಂದು ಕ್ಷಣಕ್ಕಾಗಿ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಹೇಳಿದೆ: "ಆಕಿಗೆ ಬೈಬ್ಯಾಡಪ್ಪ. ಬಂದ್ ಮಾಡಿದಾಂವ ನಾನ."

ಮಗ ನನ್ನ ಮುಖ ನೋಡಿದ. ಬೈದಿದ್ದರೆ ಒಳ್ಳೆಯದಿತ್ತು. "ಹೋಗ್ಲಿ ಬಿಡ್ರಿ ಅಪ್ಪಾ, ನಾನೂ ನಿಮಗ ಹೇಳಿರಲಿಲ್ಲ" ಎಂದು ಮಗಳ ತಲೆ ಸವರಿದ. ರಿಪೇರಿಗೆ ಆದ ಖರ್ಚಿನಲ್ಲಿ ಚಳಿಗಾಲವಿಡೀ ಹೀಟರ್ ಉರಿಸಬಹುದಿತ್ತು.

ನನಗೆ ಪಾಠ ಹೇಳಿದವಳು ಮೊಮ್ಮಗಳೇ. ಪ್ಲಾಸ್ಟಿಕ್ ಬಾಟಲಿಗೆ ಅರ್ಧ ನೀರು ಹಾಕಿ, ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ಹೊರಗಿಟ್ಟಳು. ಬೆಳಗ್ಗೆ ನೋಡಿದರೆ ಮಂಜುಗಡ್ಡೆ ಗೆರೆಗಿಂತ ಮೇಲಿತ್ತು. "ನೋಡು ಅಜ್ಜಾ, ನೀರು ಹೆಪ್ಪಾದ್ರ ದೊಡ್ಡದಾಗ್ತದ." ಹೌದು, ನೀರು ಮಂಜುಗಡ್ಡೆಯಾದಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ಹಿಗ್ಗಿ ಹಗುರಾಗುವುದರಿಂದಲೇ ಕೆರೆಯಲ್ಲಿ ಮಂಜು ಮೇಲೆ ತೇಲುತ್ತದೆ, ಅಡಿಯ ನೀರಿನಲ್ಲಿ ಮೀನು ಬದುಕುತ್ತವೆ. ಆದರೆ ನಳ ಬಂದಾದ ಪೈಪಿನಲ್ಲಿ ಹಿಗ್ಗಲು ಜಾಗವಿಲ್ಲ. ಮಂಜು ಬೆಳೆಯುತ್ತ ಉಳಿದ ನೀರನ್ನು ಒತ್ತುತ್ತದೆ. ಆ ಒತ್ತಡಕ್ಕೆ ತಾಮ್ರವೂ ಸೀಳುತ್ತದೆ. ಮಕ್ಕಳೇ, ಈ ಪ್ರಯೋಗವನ್ನು ನೀವೂ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾಡಿ ನೋಡಬಹುದು. ಗಾಜಿನ ಬಾಟಲಿ ಮಾತ್ರ ಬೇಡ.

"ನೀರು ಸೊನ್ನೆ ಡಿಗ್ರಿಗೆ ಹೆಪ್ಪಾಗ್ತದ. ಹಂಗಾದ್ರ 13 ಯಾಕ, 3 ಸಾಲದೇನು?" ಎಂದು ಮಗನನ್ನು ಕೇಳಿದೆ. ಕೋಣೆಯ ನಡುವೆ 3 ಡಿಗ್ರಿ ಇದ್ದರೆ ಹೊರಗೋಡೆಯೊಳಗಿನ ಪೈಪಿನ ಬಳಿ ಸೊನ್ನೆಗಿಂತ ಕೆಳಗಿರಬಹುದು ಎಂದ. ಲೆಕ್ಕದ ಮಾಸ್ತರು ಸುಮ್ಮನಿರಲಿಲ್ಲ. ಹೊರಗೆ ಮೈನಸ್ 20, ಒಳಗೆ 20 ಇದ್ದರೆ ಅಂತರ 40. ಒಳಗೆ 13 ಇಟ್ಟರೆ ಅಂತರ 33. ಮನೆಯಿಂದ ಸೋರುವ ಬಿಸಿ ಈ ಅಂತರಕ್ಕೆ ತಕ್ಕಂತೆ ಇರುವುದರಿಂದ ಉಳಿತಾಯ ಸುಮಾರು ಆರರಲ್ಲಿ ಒಂದು ಪಾಲು. ಉಳಿದ ಐದು ಪಾಲು ಖಾಲಿ ಮನೆಗೇ ಹೋಗುತ್ತದೆ.

"ಪೂರ್ತಿ ಉಳಿಸೂ ದಾರಿ ಇಲ್ಲೇನು?"

"ಅದ ಅಪ್ಪಾ. ಮನ್ಯಾಗ ಒಂದ ಹನಿನೂ ನೀರು ಉಳೀಬಾರದು, ಅಷ್ಟ."

ರಿಪೇರಿಯಾದ ಮೇಲೆ ಚಳಿಗಾಲ ಮುಗಿಯುವವರೆಗೆ ಮನೆಯನ್ನು ಹಾಗೆಯೇ ಮುಚ್ಚುವುದೆಂದು ಆಯಿತು. ಮೊದಲು ಕೊಳವೆಬಾವಿಯ ಪಂಪು ಬಂದ್ ಮಾಡಿದೆವು. ನಂತರ ನೀರು ಕಾಯಿಸುವ ಟಾಕಿಯ ಕರೆಂಟು ತೆಗೆದೆವು, ಯಾಕೆಂದರೆ ಟಾಕಿ ಖಾಲಿಯಿದ್ದಾಗ ಕರೆಂಟು ಹರಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಆಮೇಲೆ ಎಲ್ಲ ನಳ ತೆರೆದು, ತೀರ ಕೆಳಗಿನ ನಳದಿಂದ ನೀರನ್ನೆಲ್ಲ ಹೊರಗೆ ಬಿಟ್ಟೆವು. ಪೈಪಿನಲ್ಲಿ ಉಳಿದದ್ದನ್ನು ಮಗ ಗಾಳಿ ಹೊಡೆಯುವ ಯಂತ್ರದಿಂದ ಊದಿ ತೆಗೆದ. ಸಿಂಕು, ಪಾಯಖಾನೆಗಳ ಬಾಗಿದ ಪೈಪಿನಲ್ಲಿ ಮಾತ್ರ ಏನಾದರೂ ದ್ರವ ನಿಲ್ಲಲೇಬೇಕು, ಇಲ್ಲವಾದರೆ ಗಟಾರದ ಗಬ್ಬುಗಾಳಿ ಒಳಗೆ ಬರುತ್ತದೆ. ಅಲ್ಲಿಗೆ ಸುಲಭವಾಗಿ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ಹಾಕಿದೆವು. ಕಾರಿಗೆ ಹಾಕುವಂಥದ್ದಲ್ಲ, ಅದು ವಿಷ. ಇದು ಇಂಥ ಕೆಲಸಕ್ಕೆಂದೇ ಇರುವ, ವಿಷವಲ್ಲದ ದ್ರವ. ಕೊನೆಗೆ ಹೀಟರ್ ಆರಿಸುವ ಕೆಲಸವನ್ನು ಮಗ ನನಗೇ ಕೊಟ್ಟ. "ಈಗ ಒತ್ತರಿ ಅಪ್ಪಾ" ಎಂದು ನಕ್ಕ.

ನೀರು ಚೆಲ್ಲುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗಿದ್ದು ಖರೆ. ಟಾಕಿಗಟ್ಟಲೆ ನೀರು ಹಿಮದ ಮೇಲೆ ಹರಿದುಹೋಯಿತು. ನಮ್ಮವ್ವ ನೋಡಿದ್ದರೆ ಏನನ್ನುತ್ತಿದ್ದಳೋ!

ಊರಿಗೆ ಬಂದ ಮೇಲೆ ಒಂದು ತಿಂಗಳು ಧಾರವಾಡದ ಮಗಳ ಮನೆಗೆ ಹೋಗುವುದಿತ್ತು. ಎಂದಿನಂತೆ ಕೊಡ ತುಂಬಲು ಬಗ್ಗಿದವನು ನಿಂತೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ತೆರೆದಿಟ್ಟ ತಿಳಿನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಟ್ಟರೆ ಒಂದು ವಾರ, ಹತ್ತು ದಿನಕ್ಕೆ ಹೊಸ ಸೊಳ್ಳೆ ಹಾರುತ್ತವೆ. ಓಣಿಯ ಮಕ್ಕಳಿಗೆಲ್ಲ ಜ್ವರ ಬರಲು ನಮ್ಮದೊಂದು ಹಂಡೆ ಸಾಕು. ಹಂಡೆ, ಬಕೆಟ್ಟುಗಳ ನೀರನ್ನು ಹಿತ್ತಲ ನುಗ್ಗೆಗಿಡಕ್ಕೂ ಕರಿಬೇವಿಗೂ ಹಾಕಿ ಎಲ್ಲವನ್ನೂ ಬೋರಲು ಹಾಕಿದೆ. ಫ್ರಿಜ್ ಖಾಲಿ ಮಾಡಿ, ಒರೆಸಿ, ಬೂಸು ಬರದಂತೆ ಬಾಗಿಲು ಸ್ವಲ್ಪ ತೆರೆದಿಟ್ಟೆ. ಮೇನ್ ಸ್ವಿಚ್ ತೆಗೆದೆ. ಅವ್ವನ ಮಾತಿಗೆ ಒಂದು ತಂಬಿಗೆ ನೀರನ್ನು ಬಿಗಿಯಾದ ಮುಚ್ಚಳ ಹಾಕಿ ಇಟ್ಟೆ. ಕೀಲಿಯ ಒಂದು ಜೋಡಿಯನ್ನು ಪಕ್ಕದ ಮನೆಯ ಅಕ್ಕನಿಗೆ ಕೊಟ್ಟೆ. ಎಷ್ಟೇ ಜೋಪಾನ ಮಾಡಿದರೂ ಖಾಲಿ ಮನೆಗೆ ಒಬ್ಬರ ಕಣ್ಣು ಬೇಕು.

ಅಂದು ರಾತ್ರಿ ಮೊಮ್ಮಗಳ ಫೋನು. "ಅಜ್ಜಾ, ಎಲ್ಲಾ ಬಂದ್ ಮಾಡಿ ಹೊಂಟೀಯೇನು?"

"ಮಾಡೀನವಾ. ಈ ಸಲ ಕೇಳೇ ಮಾಡೀನಿ."