ತೆಗೆಯುವುದೆಷ್ಟು, ಉಳಿಯುವುದೆಷ್ಟು

ದಾವಣಗೆರೆ ಮಂಡಿಪೇಟೆಯ ಅಂಗಡಿಗಳಲ್ಲಿ ಬ್ರಾಗೆ ನಂಬರ್ ಒಂದೇ ಇರುವುದು. 34, 36, 38. ಕಪ್ ಯಾವುದು ಅಂತ ಅವರು ಕೇಳುವುದಿಲ್ಲ, ನಾವು ಹೇಳುವುದೂ ಇಲ್ಲ. ಗಲ್ಲಾದಲ್ಲಿ ಗಂಡಸು ಕೂತಿದ್ದರಂತೂ ನಂಬರನ್ನೂ ಪಿಸುಗುಟ್ಟಬೇಕು. "38 ಬಿಗಿ ಆಗ್ತೈತೆ" ಅಂದರೆ "40 ತಗಳ್ರಿ ಅಕ್ಕ" ಅನ್ನುತ್ತಾರೆ. ಬೆನ್ನು ಸಣ್ಣ, ಎದೆ ದಪ್ಪ ಇರುವ ಹುಡುಗಿ ಹೀಗೇ ಮೇಲಕ್ಕೆ ಹೋಗುತ್ತಾ ಹೋಗುತ್ತಾಳೆ. ದೊಡ್ಡ ನಂಬರಿನ ಬೆನ್ನುಪಟ್ಟಿ ಸಡಿಲವಾಗಿ ಮೇಲೇರುತ್ತದೆ, ಭಾರವನ್ನೆಲ್ಲ ಭುಜದ ಪಟ್ಟಿಯೇ ಹೊರಬೇಕು. ನನ್ನ ತಂಗಿಯ ಮಗಳ ಎರಡೂ ಭುಜದಲ್ಲಿ ಅದರ ಗುರುತಿದೆ, ಬೆರಳಿಟ್ಟರೆ ಕೂರುವಷ್ಟು ಆಳ.

ಅವಳು ಹರಿಹರದವಳು, ಕೆಲಸ ದಾವಣಗೆರೆಯಲ್ಲಿ. ಬಸ್ಸಿನಲ್ಲಿ ಬ್ಯಾಗನ್ನು ಎದೆಗೆ ಅಡ್ಡ ಹಿಡಿದೇ ನಿಲ್ಲುತ್ತಾಳೆ. ಏಪ್ರಿಲ್ ಬಂದರೆ ಎದೆಯ ಕೆಳಗೆ ಬೆವರುಸಾಲೆ, ಕೆರೆತ, ಪೌಡರ್. ಕತ್ತುನೋವಿಗೆ ದಿಂಬು ಬದಲಾಯಿಸಿದ್ದಾಯಿತು. ಈಗ ಎದೆ ಚಿಕ್ಕದು ಮಾಡಿಸುವ ಆಪರೇಷನ್ ಎಂದು ತೀರ್ಮಾನ. ಡಾಕ್ಟರ ಮುಂದೆ ಕೂತು ಅವಳು ಕೇಳಿದ ಮೊದಲ ಪ್ರಶ್ನೆ: "ಮೇಡಂ, ನಾನು 34 ಆಗ್ತೀನಾ?"

ಜೊತೆಗಿದ್ದ ನನಗೆ ಅದು ಸರಿಯಾದ ಪ್ರಶ್ನೆ ಎನಿಸಿತ್ತು.

\*

ಡಾಕ್ಟರು ಟೇಪ್ ತೆಗೆದು ಎದೆಯ ಕೆಳಗೆ ಸುತ್ತಿದರು. 34 ಇಂಚು. "ನೀನು ಈಗಲೇ 34 ಇದೀಯಲ್ಲಮ್ಮ."

ಹುಡುಗಿ ನನ್ನ ಮುಖ ನೋಡಿದಳು. ಮನೆಗೆ ಬಂದು ನಾನೂ ಟೇಪ್ ಹಿಡಿದು ನೋಡಿದೆ. ನಂಬರ್ ಪಕ್ಕೆಲುಬಿನ ಸುತ್ತಳತೆಯದು. ಎದೆಯ ದಪ್ಪ ಭಾಗದ ಸುತ್ತಳತೆ ಅದಕ್ಕಿಂತ ಎಷ್ಟು ಹೆಚ್ಚು ಎಂಬುದು ಅಕ್ಷರ: ಒಂದು ಇಂಚು ಹೆಚ್ಚಿದ್ದರೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಕಂಪನಿಗೊಂದು ಲೆಕ್ಕ ಇದ್ದರೂ ಮೂಲ ಇದೇ. ಅಕ್ಷರಕ್ಕೂ ಸ್ವಂತ ಬೆಲೆ ಇಲ್ಲ. 34 ಸಿ, 36 ಬಿ, 38 ಎ ಮೂರರ ಬಟ್ಟಲಿನಲ್ಲೂ ಹಿಡಿಯುವುದು ಹೆಚ್ಚುಕಡಿಮೆ ಒಂದೇ. ಸರ್ಜನ್ ಪಕ್ಕೆಲುಬು ಮುಟ್ಟುವುದಿಲ್ಲ, ಹಾಗಾಗಿ ಆಪರೇಷನ್ನಿನಿಂದ ನಂಬರ್ ಇಳಿಯುವ ಪ್ರಶ್ನೆಯೇ ಇಲ್ಲ. ಅವಳ 40 ಅಂಗಡಿಯವರು ಕೊಟ್ಟ ನಂಬರ್. ಅದನ್ನು ಇಳಿಸಿಕೊಳ್ಳುವುದಕ್ಕೆ ಆಸ್ಪತ್ರೆಗೇ ಹೋಗಬೇಕಿರಲಿಲ್ಲ, ಭಾರ ಇಳಿಸಿಕೊಳ್ಳುವುದಕ್ಕೆ ಹೋಗಬೇಕು.

ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ 2009ರಲ್ಲಿ, ಇನ್ನೂ ಹದಿನೇಳರಲ್ಲೇ, ಈ ಆಪರೇಷನ್ ಮಾಡಿಸಿಕೊಂಡಾಗ ಪತ್ರಿಕೆಗಳು ಅಳತೆಯನ್ನೂ ಬರೆದವು: 34 ಡಿಡಿಯಿಂದ 34 ಸಿ. ಅದರಲ್ಲೂ 34 ಕದಲಿಲ್ಲ. ಭಾರದಿಂದ ಚೆಂಡಿಗೆ ಬೇಗ ಎದುರಾಗಲು ಆಗುತ್ತಿಲ್ಲ ಎಂಬುದು ಅವಳ ಕಾರಣ. 2018ರಲ್ಲಿ ಫ್ರೆಂಚ್ ಓಪನ್, 2019ರಲ್ಲಿ ವಿಂಬಲ್ಡನ್ ಗೆದ್ದಳು. ಆ ಅಕ್ಷರಗಳನ್ನು ಪತ್ರಿಕೆಯವರು ಯಾಕೆ ಅಷ್ಟು ಆಸ್ಥೆಯಿಂದ ಬರೆದರೋ!

\*

"ಹಂಗಾದ್ರೆ ಸಿ ಮಾಡ್ತೀರಾ?" ಅಂದಳು. ಕಪ್ಪಿನ ಹೆಸರು ಹೇಳಿ ಮಾತು ಕೊಡುವುದಿಲ್ಲ ಅಂದರು ಡಾಕ್ಟರು. ಸೆಂಟಿಮೀಟರ್ ಲೆಕ್ಕದಲ್ಲಿ ಗೆರೆ ಎಳೆಯುವವರು ಒಂದು ಅಕ್ಷರಕ್ಕೆ ಯಾಕೆ ಹಿಂಜರಿಯಬೇಕು ಎಂದು ನನಗೆ ಸಿಟ್ಟೇ ಬಂತು.

ಕಾರಣ ರಕ್ತದ್ದು. ಗಂಟಲ ಕೆಳಗಿನ ಗುಳಿಯಿಂದ ತೊಟ್ಟಿನವರೆಗೆ ಸಾಮಾನ್ಯವಾಗಿ 19ರಿಂದ 21 ಸೆಂಟಿಮೀಟರ್ ಅಂತರ. ಭಾರಕ್ಕೆ ಜೋತವರಲ್ಲಿ ಅದು 30 ದಾಟುವುದೂ ಉಂಟು. ತೊಟ್ಟನ್ನು ಮೇಲಕ್ಕೆ ತರಬೇಕು, ಆದರೆ ಕತ್ತರಿಸಿ ತರುವಂತಿಲ್ಲ. ಅದಕ್ಕೆ ರಕ್ತ, ಸ್ಪರ್ಶ ತರುವ ಒಂದು ಮಾಂಸದ ಕಂಬವನ್ನು ಅದರ ಜೊತೆಗೇ ಉಳಿಸಿ, ಸುತ್ತಲಿನದನ್ನು ತೆಗೆಯುತ್ತಾರೆ. ತೊಟ್ಟು ಎಷ್ಟು ಕೆಳಗಿದೆಯೋ ಕಂಬ ಅಷ್ಟು ಉದ್ದ. ಕಂಬವನ್ನು ತೀರ ತೆಳುಮಾಡಿದರೆ ತೊಟ್ಟು ಕಪ್ಪಾಗಿ ಸಾಯಬಹುದು. ತೀರ ದೊಡ್ಡದಿದ್ದಾಗ ತೊಟ್ಟನ್ನು ಬಿಡಿಸಿ ಕಸಿ ಮಾಡುವ ದಾರಿಯೂ ಇದೆ, ಆದರೆ ಆಗ ಮೊಲೆಯೂಡಿಸುವುದು ಹೋಯಿತು, ಸ್ಪರ್ಶವೂ ಬಹುಪಾಲು ಹೋಯಿತು. ಅಂದರೆ ಎಷ್ಟು ಚಿಕ್ಕದು ಮಾಡಬಹುದು ಎನ್ನುವುದು ಹುಡುಗಿಯ ಆಸೆಗೂ ಡಾಕ್ಟರ ಕೈಚಳಕಕ್ಕೂ ಬಿಟ್ಟದ್ದಲ್ಲ, ಆ ಕಂಬಕ್ಕೆ ಬಿಟ್ಟದ್ದು.

ಇನ್ನೊಂದು, ಎದೆಗೂಡಿನ ಮೇಲೆ ಸ್ತನ ಕೂತಿರುವ ಬುಡದ ಅಗಲ. ಅಗಲ ಬುಡದವರನ್ನು ಎಷ್ಟು ಕಿರಿದುಮಾಡಿದರೂ ಅದಕ್ಕೊಂದು ಮಿತಿ. ಕಂಕುಳ ಪಕ್ಕದ ಕೊಬ್ಬನ್ನು ಹುಡುಗಿಯರು ಸ್ತನದ ಲೆಕ್ಕಕ್ಕೇ ಸೇರಿಸಿಕೊಂಡಿರುತ್ತಾರೆ; ಅದಕ್ಕೆ ಬೇರೆ ಕೆಲಸ ಬೇಕು, ಮೊದಲೇ ಕೇಳಿಕೊಳ್ಳಬೇಕು.

\*

ತಂಬಾಕು ಬಿಡಬೇಕು, ಎಲೆಅಡಿಕೆ ಜೊತೆಗಿನದೂ ಸೇರಿ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಆ ಕಂಬಕ್ಕೆ ಅದೇ ಶತ್ರು. "ನಮ್ಮ ಹುಡುಗಿ ಅಂಥದ್ದೆಲ್ಲ ಮುಟ್ಟಲ್ಲ" ಎಂದು ತಂಗಿ ಮುಖ ಗಂಟಿಕ್ಕಿದಳು. ಡಾಕ್ಟರು ಎಲ್ಲರನ್ನೂ ಕೇಳುತ್ತಾರೆ, ಕೇಳಲಿ.

\*

ಹೊರಗೆ ಕಾಯುವ ಜಾಗದಲ್ಲಿ ಒಬ್ಬ ಹುಡುಗ, ಅಪ್ಪನ ಜೊತೆ. ಅವನದೂ ಎದೆಯದೇ ತೊಂದರೆಯಂತೆ. ಗಂಡುಹುಡುಗರಲ್ಲಿ ಇದು ಅಪರೂಪವೇನಲ್ಲ. ಅವನಿಗೆ ಸೈಜಿನ ಗೊಂದಲವೇ ಇಲ್ಲ: ಚಪ್ಪಟೆ ಆಗಬೇಕು, ಮುಗಿಯಿತು. ಅಪ್ಪನಿಗೂ ಅದೇ ಬೇಕು. ನಮ್ಮ ಮನೆಯಲ್ಲಿ ನೋಡಿದರೆ ಮಗಳಿಗೆ ಆದಷ್ಟು ತೆಗೆಸಬೇಕು, ಅಮ್ಮನಿಗೆ ಆದಷ್ಟು ಉಳಿಸಬೇಕು. "ಇನ್ನೂ ಮದುವೆ ಆಗ್ಬೇಕಲ್ಲ ಅಕ್ಕ" ಎಂದು ತಂಗಿ ನನ್ನ ಕಿವಿಯಲ್ಲಿ. "ಅಮ್ಮನ ಮುಂದೆ ಹೇಳ್ಬೇಡ ದೊಡ್ಡಮ್ಮ, ನಂಗೆ ಪೂರ್ತಿ ಹೋದ್ರೂ ಸೈ" ಎಂದು ಮಗಳು ಇನ್ನೊಂದು ಕಿವಿಯಲ್ಲಿ. ಎರಡನ್ನೂ ಡಾಕ್ಟರಿಗೆ ಹೇಳಬೇಕಾದವಳು ನಾನೇ ಎಂದಾಯಿತು. ಹೇಳಿದೆ.

ಅವರು ಹುಡುಗಿಯೊಬ್ಬಳನ್ನೇ ಒಳಗೆ ಕೂರಿಸಿಕೊಂಡು ಕೇಳಿದ್ದು ಇಷ್ಟಂತೆ: "ಅಂದ್ಕೊಂಡಿದ್ದಕ್ಕಿಂತ ಸ್ವಲ್ಪ ದೊಡ್ಡದೇ ಉಳಿದ್ರೆ ಬೇಜಾರಾಗ್ತೀಯಾ, ಸ್ವಲ್ಪ ಚಿಕ್ಕದಾದ್ರೆ ಬೇಜಾರಾಗ್ತೀಯಾ?" ಇಂಚು, ಗ್ರಾಂ, ಅಕ್ಷರ ಯಾವುದೂ ಇಲ್ಲದ ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಪಕ್ಕಾ ಅಳತೆ ಅನಿಸಿತು. ಫೋಟೊ ತೋರಿಸು ಎಂದಾಗ ಅವಳು ಸಿನಿಮಾ ನಟಿಯದು ತೋರಿಸಿದಳು. ನಿನ್ನಂಥ ಭುಜ, ನಿನ್ನಂಥ ಸೊಂಟ ಇರುವವರದು ತಾ ಎಂದು ಕಳಿಸಿದರು.

\*

ಗ್ರಾಂ ಲೆಕ್ಕ ನನಗೆ ಇನ್ನೂ ಜೀರ್ಣವಾಗಿಲ್ಲ. 1991ರಲ್ಲಿ ಪಾಲ್ ಶ್ನೂರ್ ಎಂಬ ಅಮೆರಿಕದ ಸರ್ಜನ್ ಒಂದು ಪಟ್ಟಿ ಮಾಡಿದರು; ಎತ್ತರ ತೂಕದಿಂದ ಮೈಯ ವಿಸ್ತೀರ್ಣ ಕಟ್ಟಿ, ಅದಕ್ಕೆ ತಕ್ಕಂತೆ ಒಂದೊಂದು ಬದಿಯಿಂದ ಇಷ್ಟು ಗ್ರಾಂ ಎಂದು. 160 ಸೆಂಟಿಮೀಟರ್, 65 ಕಿಲೊ ಇರುವವಳ ವಿಸ್ತೀರ್ಣ ಸುಮಾರು 1.7 ಚದರ ಮೀಟರ್. ಪಟ್ಟಿಯಲ್ಲಿ ಅದರೆದುರು 370 ಗ್ರಾಂ. ಅಷ್ಟು ತೆಗೆಯುವಂತಿದ್ದರೆ ಕಾಯಿಲೆ, ಇಲ್ಲದಿದ್ದರೆ ಶೋಕಿ ಎಂದು ಅಲ್ಲಿಯ ವಿಮಾ ಕಂಪನಿಗಳು ಅದನ್ನು ಹಿಡಿದುಕೊಂಡವು. ನಮ್ಮಲ್ಲಿ ವಿಮೆಯ ಸಾಮಾನ್ಯ ನಿಯಮ ಇನ್ನೂ ಚುಟುಕು: ರೂಪ ಬದಲಿಸುವ ಚಿಕಿತ್ಸೆಗೆ ದುಡ್ಡಿಲ್ಲ, ಆರೋಗ್ಯಕ್ಕೆ ನೇರ ಅಪಾಯವಿದೆ, ಅದಕ್ಕೇ ಬೇಕು ಎಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ ನೋಡೋಣ.

ನನ್ನ ಗೊಂದಲ ಬೇರೆ. ಎಲ್ಲರೂ ತೂಗುವುದು ತಟ್ಟೆಗೆ ಬಿದ್ದದ್ದನ್ನು. 500 ಗ್ರಾಂ ತೆಗೆದರು ಎಂದರೆ ಏನರ್ಥ? 900 ಇದ್ದವಳಲ್ಲಿ ಉಳಿದದ್ದು 400, ಒಂದೂವರೆ ಕಿಲೊ ಇದ್ದವಳಲ್ಲಿ ಉಳಿದದ್ದು ಒಂದು ಕಿಲೊ. ಬದುಕಬೇಕಾದದ್ದು ಉಳಿದದ್ದರ ಜೊತೆ. ಅದರ ತೂಕ ಯಾವ ಚೀಟಿಯಲ್ಲೂ ಇಲ್ಲ.

\*

ಹರಿಹರದ ಟೈಲರ್ ಅಕ್ಕನಿಗೆ ಮಾತ್ರ ವಿಷಯ ಥಟ್ಟನೆ ಹೊಳೆಯಿತು. 1956ರಲ್ಲಿ ರಾಬರ್ಟ್ ವೈಸ್ ಎಂಬ ಸರ್ಜನ್ ಬ್ರಾ ಕತ್ತರಿಸುವ ಮಾದರಿ ನೋಡಿಯೇ ಚರ್ಮದ ಮೇಲೆ ಎಳೆಯುವ ಗೆರೆಯ ನಕ್ಷೆ ಮಾಡಿದನೆಂದೂ, ಇಂದಿಗೂ ಅದು ಬಳಕೆಯಲ್ಲಿದೆ ಎಂದೂ ಹೇಳಿದೆ. "ಬ್ಲೌಸಿಗೆ ಟಕ್ಸ್ ಹಿಡಿದಂಗೆ ತಾನೆ? ಚಪ್ಪಟೆ ಬಟ್ಟೆ ಗುಂಡಗಾಗ್ಬೇಕಂದ್ರೆ ಮೂಲೆ ತೆಗೀಬೇಕು, ಹೊಲಿಗೆ ಕಾಣ್ತೈತೆ" ಅಂದಳು. ಕಾಣುತ್ತದೆ: ತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ, ಮಡಿಕೆಯ ಉದ್ದಕ್ಕೂ. ಗಾಯದ ಗೆರೆ ಮಾಸಲು ವರ್ಷ ಬೇಕು. ಊತ ಇಳಿದು ಆಕಾರ ನೆಲೆಗೊಳ್ಳಲು ಮೂರರಿಂದ ಆರು ತಿಂಗಳು. ಮೊದಲ ವಾರಗಳಲ್ಲಿ ಎದೆ ಎತ್ತರಕ್ಕೆ, ಬಿಗಿಯಾಗಿ, ಒಂಥರಾ ಚೌಕಾಕಾರವಾಗಿ ಇರುತ್ತದಂತೆ. ಅದನ್ನು ನೋಡಿ ಅಳುವುದೂ ಬೇಡ, ಅದಕ್ಕೆ ಬ್ರಾ ಕೊಳ್ಳುವುದೂ ಬೇಡ. ಮುಂದೆ ತೂಕ ಏರಿದರೆ, ಬಸಿರಾದರೆ ಮತ್ತೆ ಬದಲಾಗುತ್ತದೆ.

ತೊಡಕು ಇರುವುದು ಆಪರೇಷನ್ ಆದ ಎರಡು ತಿಂಗಳಿಗೆ ಬರುವ ಹುಡುಗಿಯ ಅಣ್ಣನ ಮದುವೆಯಲ್ಲಿ. ರೇಷ್ಮೆ ಸೀರೆ ತಂದಾಗಿದೆ. ಟೈಲರ್ ಅಕ್ಕ ಕೇಳಿದಳು, "ಅಳತೆ ಬ್ಲೌಸ್ ಎಲ್ಲಿ?" ಹಳೆಯದು ಇನ್ನು ಅಳತೆಯಲ್ಲ, ಹೊಸದು ಇನ್ನೂ ಹುಟ್ಟಿಲ್ಲ. ಒಳಗೆ ಬಟ್ಟೆ ಜಾಸ್ತಿ ಬಿಟ್ಟು ಹೊಲಿ, ಆಮೇಲೆ ಬಿಚ್ಚಿ ಹಿಡಿಯೋಣ ಎಂದಳು ತಂಗಿ. ರೇಷ್ಮೆ ಬಿಚ್ಚಿದರೆ ಸೂಜಿ ತೂತು ಉಳಿಯುತ್ತದೆ ಎಂದಳು ಅಕ್ಕ. ಹುಡುಗಿ ಫೋನಿನಲ್ಲಿ ಆಗಲೇ ರೆಡಿಮೇಡ್ ಸ್ಟ್ರೆಚ್ ಬ್ಲೌಸ್ ಹುಡುಕುತ್ತಿದ್ದಳು. ಅದರಲ್ಲಿ ಸೈಜ್ ಆರಿಸು ಎಂದು ಬಂತು. ಮೂವರೂ ಸೇರಿ ಜಗಳಾಡಿ ಫ್ರೀ ಸೈಜ್ ಒತ್ತಿದೆವು.