ಎನ್‌ಮ್ಯಾಪು, ಅಪ್ಪನ ಜನಗಣತಿ ಮತ್ತು ಓನರ್ ಮನೆ ಡಬ್ಬ

ನಲವತ್ತಮೂರನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಓದ್ತಾ ಇದೀನಿ ಅಂದ್ರೆ ನೀವು ನಗಬಹುದು. ನಕ್ಕುಬಿಡಿ, ಪರವಾಗಿಲ್ಲ. ಹದಿನಾರು ವರ್ಷ ಮಾಡಿದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಒಂದು ಸೋಮವಾರ ಬೆಳಿಗ್ಗೆ ಹತ್ತೇ ನಿಮಿಷದ ವಿಡಿಯೋ ಕಾಲ್‌ನಲ್ಲಿ ಮುಗಿದುಹೋಯ್ತು. ಹಳೇ ಟೆಸ್ಟಿಂಗ್‌ಗೆ ಈಗ ಯಾರೂ ಕರೆಯಲ್ಲ, ಪೆನೆಟ್ರೇಶನ್ ಟೆಸ್ಟಿಂಗ್ ಕಲಿ ಅಂದ್ರು ಸ್ನೇಹಿತರು. ಅಂದ್ರೆ ಕಂಪನಿಯವರೇ ದುಡ್ಡು ಕೊಟ್ಟು "ನಮ್ಮ ಮನೆಗೆ ಕಳ್ಳ ಎಲ್ಲಿಂದ ನುಗ್ಗಬಹುದು ನೋಡಿ ಹೇಳಪ್ಪ" ಅಂತ ಕರೆಸೋ ಕೆಲಸ. ಅದಕ್ಕೆ ಓಎಸ್‌ಸಿಪಿ ಅಂತೊಂದು ಸರ್ಟಿಫಿಕೇಟ್. ಪರೀಕ್ಷೆ 23 ಗಂಟೆ 45 ನಿಮಿಷ, ಆಮೇಲೆ ರಿಪೋರ್ಟ್ ಬರೆಯೋಕೆ ಇನ್ನೂ 24 ಗಂಟೆ. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಗಂಟೆ ಬರೆದಿದ್ದಕ್ಕೇ ನನ್ನ ಕೈ ನೋಯ್ತಿತ್ತು! ಫೀಸು ಕಟ್ಟಿದ್ದು ಹೆಂಡತಿ ಚೀಟಿ ಎತ್ತಿದ ದುಡ್ಡಲ್ಲಿ. ಅದನ್ನ ಅವಳು ಒಂದು ಸಲವೂ ಆಡಿ ತೋರಿಸಿಲ್ಲ, ಅದೇ ಜಾಸ್ತಿ ಭಯ.

ಮಾರತ್ತಹಳ್ಳಿ ಬ್ರಿಜ್ ಸುತ್ತ ಪಿಜಿಗಳು ಎಷ್ಟಿವೆಯೋ ಕೋಚಿಂಗ್ ಸೆಂಟರ್‌ಗಳೂ ಅಷ್ಟೇ ಇವೆ. ಅಂಥದ್ದೇ ಒಂದಕ್ಕೆ ಸೇರಿದೆ. ಮೊದಲ ದಿನವೇ ಎರಡು ಪುಟದ ಜೆರಾಕ್ಸ್ ಕೊಟ್ರು. ಎನ್‌ಮ್ಯಾಪ್ ಅನ್ನೋ ಟೂಲ್‌ನ ಆಪ್ಷನ್‌ಗಳು. "ಇದು ಬಾಯಿಪಾಠ ಆಗಬೇಕು" ಅಂದ್ರು ಮೇಷ್ಟ್ರು. ನನಗಿಂತ ಹದಿನೈದು ವರ್ಷ ಚಿಕ್ಕೋರು. ಮಗ್ಗಿ ಥರ ಶುರು ಮಾಡಿದೆ. ಮೈನಸ್ ಸಣ್ಣ ಎಸ್ ದೊಡ್ಡ ಎಸ್, ಸಿನ್ ಸ್ಕ್ಯಾನ್. ಮೈನಸ್ ಸಣ್ಣ ಎಸ್ ದೊಡ್ಡ ಟಿ, ಕನೆಕ್ಟ್ ಸ್ಕ್ಯಾನ್. ಎಸ್ ಜೊತೆ ಸಣ್ಣ ಎನ್ ಹಾಕಿದ್ರೆ ಯಾವ ಯಾವ ಕಂಪ್ಯೂಟರ್ ಎದ್ದಿದೆ ಅಂತ ಮಾತ್ರ ನೋಡುತ್ತೆ, ದೊಡ್ಡ ಎನ್ ಹಾಕಿದ್ರೆ ಅದು ನಲ್ ಸ್ಕ್ಯಾನ್ ಅನ್ನೋ ಬೇರೇನೇ ವ್ಯವಹಾರ. ಒಂದು ಶಿಫ್ಟ್ ಕೀ ಅಂತರ, ಅಷ್ಟೇ. :-)

ಈ ಟೂಲ್ ಹಳೇದು. ಫ್ಯೋದರ್ ಅನ್ನೋ ಅಡ್ಡಹೆಸರಿನ ಗೋರ್ಡನ್ ಲಯನ್ 1997ರ ಸೆಪ್ಟೆಂಬರ್‌ನಲ್ಲಿ ಫ್ರಾಕ್ ಪತ್ರಿಕೆಯ 51ನೇ ಸಂಚಿಕೆಯಲ್ಲಿ ಇದರ ಕೋಡ್ ಪ್ರಕಟಿಸಿದ್ದು. 2003ರ 'ಮ್ಯಾಟ್ರಿಕ್ಸ್ ರೀಲೋಡೆಡ್' ನೋಡಿದೋರಿಗೆ ನೆನಪಿರಬಹುದು, ಟ್ರಿನಿಟಿ ಪವರ್ ಗ್ರಿಡ್‌ಗೆ ನುಗ್ಗೋ ಮುಂಚೆ ಟೈಪ್ ಮಾಡೋದು ಇದನ್ನೇ. ಸಿನಿಮಾದಲ್ಲಿ ನಿಜವಾದ ಟೂಲ್ ತೋರಿಸಿದ ಅಪರೂಪದ ದೃಶ್ಯ. ಆಗ ನಾನು ಕಾಲೇಜಲ್ಲಿದ್ದೆ, ಅವಳ ಕಪ್ಪು ಕೋಟು ಬಿಟ್ಟು ಬೇರೇನೂ ನೋಡಿರಲಿಲ್ಲ.

ಬಾಯಿಪಾಠ ಆಯ್ತು. ಆದ್ರೆ ಅಭ್ಯಾಸದ ಮಷೀನಿನ ಮುಂದೆ ಕೂತ್ರೆ ಏನೂ ತೋಚದು. ಒಂದು ಶನಿವಾರ, ಭಾನುವಾರ ಪೂರ್ತಿ ಒಂದೇ ಮಷೀನಿಗೆ ತಲೆ ಚಚ್ಚಿಕೊಂಡೆ. ಸ್ಕ್ಯಾನ್ ಮಾಡಿದ್ರೆ ಎರಡೇ ಪೋರ್ಟ್ ತೆರೆದಿದೆ ಅನ್ನುತ್ತೆ, ಎರಡರಲ್ಲೂ ದಾರಿ ಇಲ್ಲ. ಸೋಮವಾರ ಗೊತ್ತಾಯ್ತು, ಏನೂ ಹೇಳದಿದ್ರೆ ಎನ್‌ಮ್ಯಾಪ್ ನೋಡೋದು ಸಾಮಾನ್ಯವಾಗಿ ತೆರೆದಿರೋ 1000 ಪೋರ್ಟ್ ಮಾತ್ರ. ಇರೋದು 65,535. ನನ್ನ ಬಾಗಿಲು ಐವತ್ತು ಸಾವಿರದ ಆಚೆ ಎಲ್ಲೋ ಇತ್ತು. ಮೈನಸ್ ಪಿ ಮೈನಸ್ ಅಂತ ಹಾಕಿದ್ರೆ ಎಲ್ಲಾ ನೋಡ್ತಿತ್ತು. ಜೆರಾಕ್ಸ್‌ನಲ್ಲಿ ಹನ್ನೊಂದನೇ ಸಾಲು, ಬಾಯಿಪಾಠ ಬರ್ತಿತ್ತು.

ಅವತ್ತು ರಾತ್ರಿ ತಿಪಟೂರಿಂದ ಅಪ್ಪ ಫೋನ್ ಮಾಡಿದ್ರು. ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದೋರು. ಏನು ಓದ್ತಿದೀಯೋ ಅಂದ್ರು. ದೂರದಿಂದ ಕಂಪ್ಯೂಟರ್‌ಗಳ ಬಾಗಿಲು ತಟ್ಟಿ ಯಾವ್ದು ತೆರೆದಿದೆ ಅಂತ ಪಟ್ಟಿ ಮಾಡೋದು ಅಂದೆ. "ಜನಗಣತಿ ಅನ್ನು" ಅಂದ್ರು!

1991ರ ಜನಗಣತಿಗೆ ಅಪ್ಪ ಮನೆಮನೆ ಸುತ್ತಿದ್ದು ನನಗೂ ನೆನಪಿದೆ, ಎರಡು ದಿನ ಜೊತೆಗೆ ಹೋಗಿದ್ದೆ. ಬಾಗಿಲು ತಟ್ಟಿದ್ರೆ ಮೂರು ಥರ ಆಗುತ್ತೆ. ಯಾರೋ ಬಂದು ಬನ್ನಿ ಮೇಷ್ಟ್ರೇ ಅಂತಾರೆ. ಇಲ್ಲಾ, ಒಳಗಿಂದಲೇ ಈಗಾಗಲ್ಲ ಹೋಗಿ ಅಂತಾರೆ. ಇಲ್ಲಾ, ಸದ್ದೇ ಇಲ್ಲ. "ಹೋಗಿ ಅಂದ ಮನೇಲಿ ಜನ ಇದಾರೆ ಅಂತ ಗ್ಯಾರಂಟಿ ಆಯ್ತಲ್ಲ. ಸದ್ದಿಲ್ಲದ ಮನೇನೇ ಕಷ್ಟ. ಜನ ಇಲ್ಲ ಅಂತ ಬರೆಯೋ ಹಾಗಿಲ್ಲ, ಮತ್ತೆ ಹೋಗಬೇಕು."

ಅಲ್ಲಿಗೆ ಜೆರಾಕ್ಸ್‌ನ ಅರ್ಧ ನನಗೆ ಬಿಡಿಸಿಕೊಳ್ತು. ಸಿನ್ ಅಂದ್ರೆ ಬರಲಾ ಅಂತ ಕೇಳೋದು. ಸಿನ್-ಆಕ್ ಬಂದ್ರೆ "ಬನ್ನಿ", ಪೋರ್ಟ್ ಓಪನ್. ರೀಸೆಟ್ ಬಂದ್ರೆ "ಹೋಗಿ", ಕ್ಲೋಸ್ಡ್, ಆದ್ರೆ ಮನೇಲಿ ಜನ ಇರೋದು ಖಾತ್ರಿ. ಏನೂ ಬರದಿದ್ರೆ ಫಿಲ್ಟರ್ಡ್, ನಡುವೆ ಫೈರ್‌ವಾಲ್ ಅನ್ನೋ ವಾಚ್‌ಮನ್ ನಮ್ಮ ಚೀಟಿಯನ್ನೇ ಎಸೆದಿರಬೇಕು. ಕನೆಕ್ಟ್ ಸ್ಕ್ಯಾನ್ ಅಂದ್ರೆ ಬನ್ನಿ ಅಂದಮೇಲೆ ಒಳಗೆ ಹೋಗಿ ಕೂತು ಎದ್ದು ಬರೋದು. ಸಿನ್ ಸ್ಕ್ಯಾನ್ ಅಂದ್ರೆ ಬನ್ನಿ ಅಂದ ತಕ್ಷಣ "ಇಲ್ಲ ಬಿಡಿ" ಅಂತ ಗೇಟಿಂದಲೇ ವಾಪಸ್. ಇದನ್ನೇ ಸ್ಟೆಲ್ತ್ ಅಂತ ಕರೀತಾರೆ, ಆದ್ರೆ ಇವತ್ತಿನ ಫೈರ್‌ವಾಲ್‌ಗಳಿಗೆ ಇದೇನೂ ಗುಟ್ಟಲ್ಲ. ಇನ್ನು ದೊಡ್ಡ ಪಿ ಸಣ್ಣ ಎನ್. ಎನ್‌ಮ್ಯಾಪ್ ಮೊದಲು ಮನೇಲಿ ಯಾರಾದ್ರೂ ಇದಾರಾ ಅಂತ ಕೂಗಿ ನೋಡುತ್ತೆ, ಉತ್ತರ ಬರದಿದ್ರೆ ಆ ಮನೆ ಬಿಟ್ಟು ಮುಂದೆ ಹೋಗುತ್ತೆ. ವಿಂಡೋಸ್ ಮಷೀನ್‌ಗಳು ಎಷ್ಟೋ ಸಲ ಪಿಂಗ್‌ಗೆ ಓ ಅನ್ನೋದೇ ಇಲ್ಲ. ಆಗ ಪಿಎನ್ ಹಾಕಿ ಕೂಗೋದು ಬೇಡ, ಜನ ಇದಾರೆ ಅಂತಲೇ ತಿಳ್ಕೊಂಡು ಬಾಗಿಲು ತಟ್ಟು ಅನ್ನಬೇಕು.

ಯುಡಿಪಿ ಸ್ಕ್ಯಾನ್ ಮಾತ್ರ ಅಪ್ಪನ ಲೆಕ್ಕಕ್ಕೂ ಸಿಗಲಿಲ್ಲ. ಅಲ್ಲಿ ಬಾಗಿಲು ತೆರೆದಿದ್ರೇನೇ ಸದ್ದು ಬರದೇ ಇರಬಹುದು, ಮುಚ್ಚಿದ್ರೆ "ಇಲ್ಲ" ಅನ್ನೋ ಉತ್ತರ ಬರುತ್ತೆ. ಅದನ್ನೂ ಹಳೇ ಲಿನಕ್ಸ್ ಸೆಕೆಂಡಿಗೆ ಒಂದೇ ಸಲ ಹೇಳೋದು. 65 ಸಾವಿರ ಪೋರ್ಟಿಗೆ 18 ಗಂಟೆ ದಾಟುತ್ತೆ. ಪರೀಕ್ಷೆ ಇರೋದು ಇಪ್ಪತ್ನಾಲ್ಕು ಗಂಟೆಗೂ ಕಮ್ಮಿ!

ವೇಗಕ್ಕೆ ಟಿ ಸೊನ್ನೆಯಿಂದ ಟಿ ಐದರವರೆಗೆ ಗೇರ್ ಇದೆ. ಸೊನ್ನೆ ಹೆಸರು ಪ್ಯಾರನಾಯ್ಡ್, ಒಂದು ತಟ್ಟಿ ಐದು ನಿಮಿಷ ಸುಮ್ಮನಿರುತ್ತೆ. ಸಾವಿರ ಪೋರ್ಟಿಗೆ ಮೂರೂವರೆ ದಿನ. ಐದರ ಹೆಸರು ಇನ್ಸೇನ್. ನನಗೆ ಅಂಟಿಕೊಂಡಿದ್ದು ಟಿ ಐದು, ಜೊತೆಗೆ ದೊಡ್ಡ ಎ. ಈ ಎ ಹಾಕಿದ್ರೆ ವರ್ಶನ್, ಆಪರೇಟಿಂಗ್ ಸಿಸ್ಟಂ, ಸ್ಕ್ರಿಪ್ಟ್, ಟ್ರೇಸ್‌ರೂಟ್ ಎಲ್ಲಾ ಒಟ್ಟಿಗೆ. ಊಟದ ಥಾಲಿ ಇದ್ದ ಹಾಗೆ, ಯೋಚನೆ ಮಾಡೋ ಹಾಗೇ ಇಲ್ಲ.

ಈಗ ಹೇಳೋಕೆ ಕಷ್ಟ ಆಗೋ ವಿಷಯ.

ನಮ್ಮದು ಮುನ್ನೇಕೊಳಾಲ ಕಡೆ ಹೋಗೋ ಗಲ್ಲಿಯಲ್ಲಿ ಮೂರು ಮಹಡಿ ಬಿಲ್ಡಿಂಗು. ವೈಫೈ ಓನರ್ ಅಂಕಲ್‌ದು, ಬಾಡಿಗೆಯಲ್ಲೇ ಸೇರಿಸಿ ಎಲ್ಲರಿಗೂ ಕೊಟ್ಟಿದಾರೆ. ನನ್ನ ಹಳೇ ಲ್ಯಾಪ್‌ಟಾಪನ್ನ ಅಭ್ಯಾಸಕ್ಕೆ ಅಂತ ಇಟ್ಟಿದ್ದೆ. ಅದರ ಅಡ್ರೆಸ್ ಹುಡುಕೋಕೆ ಇಡೀ ನೆಟ್‌ವರ್ಕ್ ಮೇಲೆ ಸಣ್ಣ ಎನ್ ಓಡಿಸಿದೆ. ಹದಿನಾಲ್ಕು ಬಂತು. ಯಾರ ಯಾರ ಫೋನು, ಟಿವಿ. ಅದರಲ್ಲಿ ಒಂದು ಏನು ಅಂತ ಗೊತ್ತಾಗಲಿಲ್ಲ. ಅಲ್ಲಿಗೆ ಬಿಡಬೇಕಿತ್ತು. ರಾತ್ರಿ ಹನ್ನೊಂದೂವರೆ, ಹೆಂಡತಿ ಮಲಗಿದ್ಲು. ಎ, ಟಿ ಐದು, ಎಲ್ಲಾ ಪೋರ್ಟು, ಹೊಡೆದೆ ಎಂಟರ್. 80 ಮತ್ತು 554 ತೆರೆದಿತ್ತು, ಅಂದ್ರೆ ಕ್ಯಾಮೆರಾ ರೆಕಾರ್ಡ್ ಮಾಡೋ ಡಬ್ಬ. ಓಹೋ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಕೆಳಗೆ ಗಲಾಟೆ. ನೆಲಮಹಡಿಯಲ್ಲಿರೋ ರಾಯಚೂರು ಕಡೆ ಹುಡುಗ, ಊಟ ಡೆಲಿವರಿ ಮಾಡೋನು, ಅವನ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ರಾತ್ರಿ ಯಾರೋ ಬಿಚ್ಚಿಕೊಂಡು ಹೋಗಿದ್ರು. ಅಂಕಲ್ ಕ್ಯಾಮೆರಾ ನೋಡಿದ್ರೆ ರೆಕಾರ್ಡಿಂಗ್ 11:40ಕ್ಕೆ ನಿಂತಿದೆ.

ಇಂಥ ಸಣ್ಣ ಡಬ್ಬಗಳು ಜೋರಾಗಿ ಸ್ಕ್ಯಾನ್ ಮಾಡಿದ್ರೆ ನಿಂತುಬಿಡೋದುಂಟು. ಅದೂ ಓದಿದ್ದೆ. ಯಾವ ಸಾಲು ಅಂತಲೂ ನೆನಪಿತ್ತು.

ಎರಡು ದಿನ ಸುಮ್ಮನಿದ್ದೆ. ಜೈಲಿನ ಭಯ ಅಂತ ಹೇಳಿಕೊಂಡೆ. ಐಟಿ ಕಾಯ್ದೆ 43ನೇ ಸೆಕ್ಷನ್ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಒಳಹೋಗೋದು, ಕೆಲಸ ಕೆಡಿಸೋದು ತಪ್ಪು ಅನ್ನುತ್ತೆ, ಮೋಸದ ಉದ್ದೇಶ ಇದ್ರೆ 66ರಲ್ಲಿ ಮೂರು ವರ್ಷದವರೆಗೆ ಶಿಕ್ಷೆ. ನನ್ನದು ಮೋಸ ಅಲ್ಲ ಅಂತ ನನಗೆ ಗೊತ್ತಿತ್ತು. ನಿಜವಾದ ಭಯ ಬೇರೆ, ಆ ಹುಡುಗನ ಮುಖ ನೋಡಬೇಕಲ್ಲ. ಬ್ಯಾಟರಿ ದುಡ್ಡು ಅವನೇ ಕಟ್ಟಬೇಕು ಅಂದಿದ್ರು ಬಾಡಿಗೆಯೋರು.

ಮೂರನೇ ದಿನ ಹೆಂಡತಿಗೆ ಹೇಳಿದೆ. "ಮೊದಲು ಅವನಿಗೆ ಹೇಳ್ರಿ, ಆಮೇಲೆ ಅಂಕಲ್‌ಗೆ" ಅಂದ್ಲು. ಹೇಳಿದೆ. ಹುಡುಗ ಸ್ವಲ್ಪ ಹೊತ್ತು ನನ್ನ ನೋಡಿ, "ಇರ್ಲಿ ಬಿಡ್ರಿ ಅಣ್ಣಾ, ಕ್ಯಾಮೆರಾ ಇದ್ರ ಕಳ್ಳ ಸಿಗ್ತಿದ್ದನೇನು" ಅಂದ. ಸಿಗ್ತಿದ್ದನೋ ಇಲ್ಲವೋ ಯಾರಿಗೆ ಗೊತ್ತು. ಅರ್ಧ ದುಡ್ಡು ನಾನು ಕೊಟ್ಟೆ. ಬೇಡ ಅಂದ, ಆಮೇಲೆ ತಗೊಂಡ. ಅಂಕಲ್ ಪೂರ್ತಿ ಕೇಳಿ, "ಆ ಡಬ್ಬ ತಿಂಗಳಿಗೆ ಒಂದ್ಸಲ ಹಂಗೇ ನಿಂತೋಗುತ್ತಪ್ಪ, ನಿನ್ನಿಂದ ಅಂತ ಹೆಂಗೆ ಹೇಳ್ತೀಯ?" ಅಂದ್ರು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಆಮೇಲೆ ಅವರೇ "ಅದು ಸರಿ ಇದೆಯಾ ನೀನೇ ನೋಡಿ ಹೇಳು" ಅಂದ್ರು. ಬರೆದು ಕೊಡಿ ಅಂಕಲ್ ಅಂದೆ. ನಕ್ಕರು. ನಾನು ನಗಲಿಲ್ಲ ಅಂತ ನೋಡಿ ಬಾಡಿಗೆ ರಸೀದಿ ಹಿಂದೆ ಬರೆದ್ರು: ನಮ್ಮ ಮನೆ ಕ್ಯಾಮೆರಾ ಡಬ್ಬವನ್ನು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಪರೀಕ್ಷೆ ಮಾಡಲು ಒಪ್ಪಿಗೆ ಇದೆ. ಕೆಳಗೆ ಸಹಿ, ತಾರೀಕು.

ಭಾನುವಾರ ಎರಡೇ ಪೋರ್ಟ್ ಹೆಸರು ಕೊಟ್ಟು, ಟಿ ಎರಡರಲ್ಲಿ, ವರ್ಶನ್ ಮಾತ್ರ ಕೇಳಿದೆ. ಸಾಫ್ಟ್‌ವೇರ್ ತುಂಬಾ ಹಳೇದು. ಪಾಸ್‌ವರ್ಡ್ ಏನಿಟ್ಟಿದೀರಾ ಅಂದ್ರೆ ಡಬ್ಬದ ಜೊತೆ ಬಂದಿದ್ದೇ ಅಂದ್ರು. ಇಬ್ಬರೂ ಕೂತು ಬದಲಾಯಿಸಿದ್ವಿ. ಸ್ಕ್ಯಾನ್ ಮುಗಿಯೋವರೆಗೂ ಅಂಕಲ್ ಸ್ಟೂಲ್ ಹಾಕಿಕೊಂಡು ಡಬ್ಬದ ಕೆಂಪು ದೀಪ ನೋಡ್ತಾ ಕೂತಿದ್ರು. ಆರಲಿಲ್ಲ.

ಪರೀಕ್ಷೆ ಮುಂದಿನ ತಿಂಗಳು. ಪಾಸಾದ್ರೆ ಇಲ್ಲೇ ಬರೀತೀನಿ. ಆಗದಿದ್ರೂ ಬರೀತೀನಿ.