ಮುಯ್ಯಿ ಪುಸ್ತಕ

ಹಾಸನದ ಕಡೆ ಸ್ವಲ್ಪ ಅನುಕೂಲಸ್ಥರ ಮನೆಯ ಲಗ್ನಪತ್ರಿಕೆ ಬಂದರೆ, ಕೆಳತುದಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಆಶೀರ್ವಾದವೇ ಉಡುಗೊರೆ. ಅಂಥ ಮದುವೆಗಳಲ್ಲಿ ಮುಯ್ಯಿ ಬರೆಯುವವರು ಕಾಣುವುದಿಲ್ಲ. ನಾನು ಹುಡುಗನಾಗಿದ್ದಾಗ ಚಪ್ಪರದ ಮೂಲೆಯಲ್ಲಿ ಅಕ್ಷರ ದುಂಡಗಿರುವ ಮೇಷ್ಟ್ರೊಬ್ಬರು ನೋಟ್‌ಬುಕ್ಕು ಹಿಡಿದು ಕೂತಿರುತ್ತಿದ್ದರು. ಊರು, ಹೆಸರು, ಐದು ರೂಪಾಯಿ. ಕೊಟ್ಟವರು ಬಗ್ಗಿ ನೋಡಿ, ಬರೆದದ್ದು ಸರಿಯಿದೆಯೆಂದು ಖಾತ್ರಿಯಾದ ಮೇಲೇ ಊಟದ ಪಂಕ್ತಿಗೆ ಹೋಗುತ್ತಿದ್ದದ್ದು. ಆ ಪುಸ್ತಕ ಆಮೇಲೆ ಬೀರು ಸೇರುತ್ತಿತ್ತು. ಅರಕಲಗೂಡಿನಿಂದಲೋ ಚನ್ನರಾಯಪಟ್ಟಣದಿಂದಲೋ ಮದುವೆಗೆ ಕರೆ ಬಂದ ದಿನ ಅದನ್ನು ಹೊರಗೆ ತೆಗೆಯಬೇಕು. ‘ಅವರು ಇಪ್ಪತ್ತು ಹಾಕವ್ರೆ, ನಾವು ಇಪ್ಪತ್ತೈದಾದ್ರೂ ಹಾಕ್ದೆ ಇದ್ರೆ ಚೆಂದಾಗಿರುತ್ತಾ?’ ಇಪ್ಪತ್ತಕ್ಕೆ ಇಪ್ಪತ್ತು ಹಾಕಿ ಲೆಕ್ಕ ಚುಕ್ತಾ ಮಾಡುವುದು ಯಾರಿಗೂ ಬೇಕಿರಲಿಲ್ಲ. ಐದು ರೂಪಾಯಿ ಆ ಕಡೆಯೋ ಈ ಕಡೆಯೋ ಬಾಕಿ ಉಳಿದಿರಬೇಕು.

ಸಿರಿವಂತ ದೇಶಗಳ ಜನಕ್ಕೆ ಏಕೆ ನೆಮ್ಮದಿಯಿಲ್ಲ ಎಂಬ ಚರ್ಚೆ ಎದ್ದಾಗಲೆಲ್ಲ ನನ್ನ ತಲೆ ಈ ಬಾಕಿಯ ಕಡೆಗೇ ಹೋಗುತ್ತದೆ. ಆದಾಯ ಏರುತ್ತಾ ಹೋದರೂ ಅಮೆರಿಕನ್ನರ ಸಂತೋಷ ಅದರ ಜೊತೆ ಏರಲಿಲ್ಲವೆಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲೇ ಬರೆದಿದ್ದರು. ವಿಶ್ವ ಸಂತೋಷ ವರದಿಯ 2024ರ ಪಟ್ಟಿಯಲ್ಲಿ ಆ ದೇಶ ಮೊದಲ ಬಾರಿಗೆ ಅಗ್ರ ಇಪ್ಪತ್ತರಿಂದ ಹೊರಬಿದ್ದು 23ಕ್ಕೆ ಇಳಿಯಿತು. ಮೂವತ್ತು ದಾಟದವರನ್ನಷ್ಟೇ ತೆಗೆದುಕೊಂಡರೆ 62ನೆಯ ಸ್ಥಾನ. ಮರುವರ್ಷದ ವರದಿಯಲ್ಲಿ ಇನ್ನೊಂದು ಸಂಗತಿ ಬಂತು: ಅಲ್ಲಿ ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಊಟವನ್ನೆಲ್ಲ ಒಬ್ಬರೇ ಕೂತು ಉಂಡಿದ್ದರು. 2023ರಲ್ಲಿ ಈ ಒಂಟಿತನವನ್ನು ದೇಶದ ಆರೋಗ್ಯ ಸಮಸ್ಯೆಯೆಂದು ಸಾರಿದ, ಅಲ್ಲಿನ ಅಂದಿನ ಸರ್ಜನ್ ಜನರಲ್ ವಿವೇಕ್ ಮೂರ್ತಿ ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದವರು. ನಂಟು ಕಡಿದ ಬದುಕಿನ ಅಪಾಯ ದಿನಕ್ಕೆ 15 ಸಿಗರೇಟು ಸೇದಿದಷ್ಟಾಗಬಹುದು ಎಂದರು.

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ನಮ್ಮ ಕಡೆಯ ಅಪ್ಪ ಅಮ್ಮಂದಿರನ್ನು ಕೇಳಿ ನೋಡಿ, ವರದಿ ಒಂದೇ ಥರ ಇರುತ್ತದೆ. ‘ಎಲ್ಲಾ ಚೆನ್ನಾಗೈತೆ ಕಣಪ್ಪ, ರಸ್ತೇಲಿ ಮಾತ್ರ ಒಂದು ನರಪಿಳ್ಳೆ ಇಲ್ಲ.’ ಲೇಖಕ ಗೊರೂರು ರಾಮಸ್ವಾಮಿ ಅಯ್ಯಂಗಾರರಂಥವರಿಗೆ ಮಾತ್ರ ಹರಟೆಗೆ ಅಲ್ಲೂ ಬೇಕಾದಷ್ಟು ಸಿಕ್ಕಿತು. ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಹೇಮಾವತಿ ದಡದ ಹರಟೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ವಿಮಾನ ಹತ್ತುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಹಾಗೆಂದು ಅರಳಿಕಟ್ಟೆಯ ಮೇಲೆ ಕೂತು, ದುಡ್ಡಿದ್ದವರಿಗೆ ಸುಖವಿಲ್ಲ ನೋಡಿ ಎಂದು ಬೀಗುವ ಹಾಗಿಲ್ಲ. ಅದೇ 2024ರ ಪಟ್ಟಿಯಲ್ಲಿ 143 ದೇಶಗಳ ನಡುವೆ ನಮ್ಮದು 126. ಸುಖವೆಲ್ಲ ನಿನ್ನೊಳಗೇ ಇದೆ ಎಂದು ಮಾತು ಮುಗಿಸುವುದೂ ಸುಲಭ, ಅದರಲ್ಲೂ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿರುವ ಹೊಳೆನರಸೀಪುರದಲ್ಲಿ. ಆದರೆ 2018ರಿಂದ ಪ್ರತಿವರ್ಷ ಮೊದಲ ಸ್ಥಾನದಲ್ಲಿರುವ ಫಿನ್‌ಲೆಂಡಿನವರೇನು ಸನ್ಯಾಸಿಗಳಲ್ಲ, ಬಡವರೂ ಅಲ್ಲ. ಮಿತಭಾಷಿಗಳು, ಚಳಿಯಲ್ಲಿ ಬಾಗಿಲು ಹಾಕಿಕೊಂಡು ಕೂರುವವರು. ಅಲ್ಲಿ ಬೀಳುವ ತೆರಿಗೆ ಜಾಸ್ತಿ; ಮಗುವಿನ ಶಾಲೆ, ಮುದುಕರ ಆರೈಕೆ ಬಹುಪಾಲು ಅದರಿಂದಲೇ ನಡೆಯುತ್ತವೆ. ಇಡೀ ದೇಶವೇ ಒಂದು ಮುಯ್ಯಿ ಪುಸ್ತಕ ಇಟ್ಟುಕೊಂಡ ಹಾಗೆ ಎಂದು ನನಗೆ ಕಾಣುತ್ತದೆ. ಅಮೆರಿಕದಲ್ಲಿ ಹಳೆಯ ಪುಸ್ತಕ ಕಳೆದುಹೋಯಿತು, ಹೊಸದನ್ನು ಯಾರೂ ಬರೆಯಲಿಲ್ಲ.

ಹಳೆಯದರ ಯೋಗ್ಯತೆಯೂ ನಮಗೆ ಗೊತ್ತಿದೆ. ಊರಿನ ಕೆಲವರ ಹೆಸರು ಅದಕ್ಕೆ ಏರುತ್ತಲೇ ಇರಲಿಲ್ಲ. ಅವರ ಎಲೆ ಚಪ್ಪರದ ಹೊರಗೆ, ಕೊನೆಗೆ. ಏರಿದವರಲ್ಲೂ ಮುಯ್ಯಿ ತೀರಿಸಲು ಸಾಲ ಮಾಡಿದವರಿದ್ದರು. ಆಲೂಗಡ್ಡೆ ಬಿತ್ತನೆಗೆ ನಮ್ಮ ಹೊಲಕ್ಕೆ ಅವರು, ಅವರ ಹೊಲಕ್ಕೆ ನಾವು ಎಂದು ನಡೆಯುತ್ತಿದ್ದ ಮುಯ್ಯಾಳಿನಲ್ಲಿ, ಜ್ವರ ಬಂದ ಹೆಂಗಸೂ ಸರದಿ ತಪ್ಪಿಸುವಂತಿರಲಿಲ್ಲ. ಟ್ರ್ಯಾಕ್ಟರು ಬಂದಾಗ, ಕೂಲಿ ದುಡ್ಡು ಕೈಗೆ ಬಂದಾಗ ಅವಳು ನೆಮ್ಮದಿಯ ಉಸಿರು ಬಿಟ್ಟಳು. ಯಾರನ್ನೂ ಕೇಳದೆ ಬದುಕುವುದು ಎಂಥ ಸುಖವೆಂದು ಕೇಳಿ ಕೇಳಿ ಸೋತವರಿಗೇ ಗೊತ್ತು. ದುಡ್ಡು ಕೊಡುವುದು ಆ ಸುಖವನ್ನು. ಅದು ಪೂರಾ ಸಿಕ್ಕ ಮೇಲೆ, ನಮ್ಮನ್ನೂ ಯಾರೂ ಏನೂ ಕೇಳುವುದಿಲ್ಲ.

ಶುಂಠಿಗೆ ಒಳ್ಳೆಯ ರೇಟು ಸಿಕ್ಕ ವರ್ಷಗಳಲ್ಲಿ ಹಾಸನದ ಬಡಾವಣೆಗಳಲ್ಲಿ ಎದ್ದ ಮನೆಗಳನ್ನು ನೋಡಿ. ಅವರವರ ಬೋರ್‌ವೆಲ್, ಅವರವರ ಯುಪಿಎಸ್, ಗೇಟಿಗೊಂದು ಕ್ಯಾಮರಾ. ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಯಾರೂ ಬರುವುದಿಲ್ಲ, ಮೊಸರಿನ ಪ್ಯಾಕೆಟ್ಟು ಅಂಗಡಿಯಲ್ಲಿದೆ. ಈ ವಿಷಯದಲ್ಲಿ ನಾವು ಅಮೆರಿಕವನ್ನು ಹಿಡಿಯಲು ಬಹಳ ದಿನ ಬೇಕಾಗಿಲ್ಲ.

ವಿಚಿತ್ರವೆಂದರೆ ಅಲ್ಲಿಗೆ ಹೋದ ನಮ್ಮ ಮಕ್ಕಳು ತಿರುಗಿ ಲೆಕ್ಕ ಶುರು ಮಾಡಿದ್ದಾರೆ. ಅರಕಲಗೂಡಿನ ನಮ್ಮ ಬಂಧುವೊಬ್ಬರ ಮಗಳಿಗೆ ಅಲ್ಲಿ ಹೆರಿಗೆಯಾದಾಗ ವೀಸಾ ತಡವಾಗಿ ತಾಯಿ ಹೋಗಲಾಗಲಿಲ್ಲ. ಸುತ್ತಲಿನ ಕನ್ನಡದ ಮನೆಗಳವರು ಸರದಿ ಹಾಕಿಕೊಂಡು ಅಡುಗೆ ತಂದುಕೊಟ್ಟರು. ಯಾವ ದಿನ ಯಾರು, ಸಾರೋ ಪಲ್ಯವೋ ಎಂಬ ಪಟ್ಟಿ ಫೋನಿನಲ್ಲಿತ್ತಂತೆ. ಈಗ ಆ ಮನೆಗಳಲ್ಲೂ ಒಂದೊಂದಾಗಿ ಬಾಣಂತಿಯರು. ಮೊನ್ನೆ ತಾಯಿ ಫೋನು ಮಾಡಿದರೆ ಮಗಳಿಗೆ ಮಾತಿಗೆ ಪುರಸೊತ್ತಿರಲಿಲ್ಲ. ‘ಈ ವಾರ ಎರಡು ಮನೆ ನಂದೇ ಕಣಮ್ಮಾ, ಯಾಕಾದ್ರೂ ಒಪ್ಕೊಂಡ್ನೋ! ಮೆಣಸಿನ ಸಾರಿಗೆ ಜೀರಿಗೆ ಎಷ್ಟು ಹಾಕ್ತೀಯ, ಅದನ್ನ ಹೇಳು ಮೊದ್ಲು.’